ಕೇಳಿ ಪಡೆಯುವ ಹಕ್ಕು



ನಮ್ಮ ಹಮದ್ ಟೌನಿನಲ್ಲಿ ಮನೆಯ ಗುರುತು ಹೇಳುವಾಗ ರೌಂಡ್‌ಅಬೌಟಿನ ನಂಬರ್ ಹೇಳುವುದು ವಾಡಿಕೆ. ಹೊಸಬರು ದಾರಿ ತಪ್ಪಿ ಅದೇ ರೌಂಡ್‌ಅಬೌಟಿಗೆ ಮೂರು ಸಲ ಬಂದು ನಿಲ್ಲುವುದೂ ಉಂಟು. ಚದುರಂಗದಲ್ಲೂ ಹೀಗಾಗುತ್ತದೆ. ಅದೇ ಸ್ಥಿತಿ, ಅದೇ ಆಟಗಾರನ ಸರದಿಯಲ್ಲಿ ಮೂರು ಸಲ ಬಂದರೆ ಆಟ ಡ್ರಾ ಆಗಬಹುದು. ‘ಆಗಬಹುದು’ ಎಂದೆ, ‘ಆಗುತ್ತದೆ’ ಎನ್ನಲಿಲ್ಲ. ಈ ವ್ಯತ್ಯಾಸ ನನ್ನ ಮಗಳ ಕಣ್ಣಲ್ಲಿ ನೀರು ತರಿಸಿತು.

ಅವಳು ಕಂಪ್ಯೂಟರಿನೊಂದಿಗೆ ಆಡಿ ಕಲಿತವಳು. ಮೂರನೆಯ ಸಲ ಅದೇ ಸ್ಥಿತಿ ಬಂದೊಡನೆ ಅವಳ ಪ್ರೋಗ್ರಾಮ್ ತಾನೇ ‘ಡ್ರಾ’ ಎಂದು ಆಟ ಮುಗಿಸುತ್ತಿತ್ತು. ಮಕ್ಕಳ ಪಂದ್ಯವೊಂದರಲ್ಲಿ ಸೋಲುವ ಹಂತದಲ್ಲಿದ್ದಾಗ ಅದೇ ಸ್ಥಿತಿ ಮೂರು ಸಲ ಬಂತು. ಯಾರಾದರೂ ಹೇಳುತ್ತಾರೆಂದು ಕಾದಳು. ಪಕ್ಕದಲ್ಲೇ ಇದ್ದ ತೀರ್ಪುಗಾರರು ಸುಮ್ಮನಿದ್ದರು. ಕೊನೆಗೆ ಬೇರೊಂದು ನಡೆ ಆಡಿ ಸೋತಳು. “ಅಪ್ಪಾ, ಅವರು ನೋಡ್ತಾನೇ ಇದ್ರು, ಯಾಕೆ ಹೇಳಲಿಲ್ಲ?”

ತೀರ್ಪುಗಾರರದು ತಪ್ಪಲ್ಲ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದಂತೆ ಆಟಗಾರನೇ ತನ್ನ ಸರದಿಯಲ್ಲಿ ಕೇಳಬೇಕು. ತಾನು ಆಡಲಿರುವ ನಡೆಯಿಂದ ಮೂರನೆಯ ಸಲವಾಗುವುದಾದರೆ, ಆ ನಡೆಯನ್ನು ಆಡದೆ ಹಾಳೆಯಲ್ಲಿ ಬರೆದು ತಿಳಿಸಬೇಕು. ಕಾಯಿ ಮುಟ್ಟಿದರೆ ಆ ಸರದಿಗೆ ಹಕ್ಕು ಹೋಯಿತು. ಕೇಳಿದ್ದು ತಪ್ಪಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ. 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪೆಟ್ರೋಸಿಯನ್ ಎದುರಿನ ಮೂರನೆಯ ಆಟದಲ್ಲಿ ಬಾಬಿ ಫಿಷರ್ ಹೀಗೆ ಕೇಳಿಯೇ ಡ್ರಾ ಪಡೆದರು. ಆದರೆ ಕೇಳದಿದ್ದರೆ ಆಟ ಕೊನೆಯಿಲ್ಲದೆ ಸಾಗಬೇಕೆಂದಿಲ್ಲ. 2014ರಿಂದ ಅದೇ ಸ್ಥಿತಿ ಐದು ಸಲ ಬಂದರೆ, ಅಥವಾ ಕಾಲಾಳು ನಡೆಯದೆ, ಯಾವ ಕಾಯಿಯೂ ಹೋಗದೆ ಇಬ್ಬರೂ 75 ನಡೆ ಆಡಿದರೆ, ಯಾರೂ ಕೇಳದಿದ್ದರೂ ಡ್ರಾ.

ವೈದ್ಯನಾದ ನನಗೆ ಇದು ಪರಿಚಿತ ವಿಚಾರ. ಪ್ರಜ್ಞೆಯಿರುವ ರೋಗಿಯ ಪರವಾಗಿ ನಾನು ನಿರ್ಧರಿಸಬಾರದು. ಪ್ರಜ್ಞೆ ತಪ್ಪಿ ರಕ್ತ ಸುರಿಯುತ್ತಿದ್ದರೆ ಅನುಮತಿಗೆ ಕಾಯಬಾರದು. ಒಂದು ಭೇದವಿದೆ. ರೋಗಿಗೆ ತಿಳಿಸಿದರೆ ಯಾರಿಗೂ ನಷ್ಟವಿಲ್ಲ, ಆದ್ದರಿಂದ ತಿಳಿಸುವುದು ನನ್ನ ಧರ್ಮ. ಆಟದಲ್ಲಿ ಒಬ್ಬರಿಗೆ ತಿಳಿಸಿದರೆ ಇನ್ನೊಬ್ಬರಿಗೆ ಅನ್ಯಾಯ, ಆದ್ದರಿಂದ ಸುಮ್ಮನಿರುವುದು ತೀರ್ಪುಗಾರರ ಧರ್ಮ.

ಹಾಗಾದರೆ ಪ್ರೋಗ್ರಾಮಿನ ಧರ್ಮವೇನು? ಅಭ್ಯಾಸದಲ್ಲಿ ಅದು ಗುರು: “ಮೂರು ಸಲವಾಯಿತು, ಕೇಳುವೆಯಾ?” ಎನ್ನಲಿ, ನಿರ್ಧಾರ ಮಗುವಿಗೆ ಬಿಡಲಿ. ಇಬ್ಬರ ಪಂದ್ಯ ನಡೆಸುವಾಗ ಅದು ತೀರ್ಪುಗಾರ: ಕೇಳಿದರೆ ಪರಿಶೀಲಿಸಲಿ, ಐದನೆಯ ಸಲ ತಾನೇ ನಿಲ್ಲಿಸಲಿ. ತಾನೇ ಆಡುವಾಗ ನಮ್ಮಂತೆಯೇ ತನ್ನ ಸರದಿಯಲ್ಲಿ ಕೇಳಿ ಪಡೆಯಲಿ. ಕೇಳುವ ಮೊದಲೇ ಕೊಟ್ಟುಬಿಡುವ ಯಂತ್ರ ಉಪಕಾರ ಮಾಡುತ್ತಿರುವಂತೆ ಕಂಡರೂ, ಕೇಳುವ ಅಭ್ಯಾಸವನ್ನೇ ತಪ್ಪಿಸುತ್ತದೆ. ಪರದೇಶದಲ್ಲಿ ಮಕ್ಕಳ ಪರವಾಗಿ ಎಲ್ಲ ಕಡೆ ನಾವೇ ಮಾತಾಡುವ ತಂದೆ ತಾಯಿಗಳೂ ಅದನ್ನೇ ಮಾಡುತ್ತಿದ್ದೇವೆಯೇ ಎಂಬ ಸಂಶಯ ನನಗಿದೆ.

ಈಗ ಮನೆಯಲ್ಲಿ ಮರದ ಹಲಗೆ, ಗಡಿಯಾರ, ನಡೆ ಬರೆಯುವ ಹಾಳೆ ಇಟ್ಟು ಆಡುತ್ತೇವೆ. ಮೊನ್ನೆ ಅವಳು ಗಡಿಯಾರ ನಿಲ್ಲಿಸಿ, “ಅಪ್ಪಾ, ಮೂರು ಸಲ ಆಯ್ತು, ಡ್ರಾ” ಎಂದಳು. ಹಾಳೆ ನೋಡಿ ಎಣಿಸಿದೆವು. ಎರಡೇ ಸಲ ಆಗಿತ್ತು. ನನ್ನ ಎರಡು ನಿಮಿಷ ನಾನು ಕೇಳಿ ಪಡೆದೆ.