ಮುಪ್ಪಿನವರಿಗೆ ನಾವು ಸಲ್ಲಿಸತಕ್ಕದ್ದೇನು?

ಕೊಡಗಿನ ಮನೆಯೊಂದರಲ್ಲಿ ಸಾವು ಸಂಭವಿಸಿದರೆ ಮನೆಯವರು ಅಂಗಳಕ್ಕೆ ಬಂದು ಆಕಾಶದ ಕಡೆಗೆ ಎರಡು ಗುಂಡು ಹಾರಿಸುವದು ಪೂರ್ವದಿಂದ ನಡೆದು ಬಂದ ಪದ್ಧತಿಯಾಗಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು; ಸಾವಿಗಾದರೋ ಬೆನ್ನುಬೆನ್ನಿಗೆ ಎರಡು. ಆ ಸಪ್ಪಳವು ಕಿವಿಗೆ ಬಿದ್ದೊಡನೆ ನೆರೆಯವರು ಗದ್ದೆಯ ಕೆಲಸವನ್ನೂ ತೋಟದ ಕೆಲಸವನ್ನೂ ಇದ್ದಲ್ಲಿಯೇ ಬಿಟ್ಟು ಆ ಮನೆಗೆ ನಡೆಯುತ್ತಾರೆ. ಸತ್ತವನೊಡನೆ ಹತ್ತು ವರುಷದಿಂದ ಮಾತು ಬಿಟ್ಟವನೂ ಆ ದಿನ ಬರುತ್ತಾನೆ. ಕುಳಿ ತೋಡುವದಾಗಲಿ ಸೌದೆ ಕೂಡಿಸುವದಾಗಲಿ ಬಂದವರಿಗೆ ಗಂಜಿ ಬೇಯಿಸುವದಾಗಲಿ ದುಃಖದಲ್ಲಿರುವವರ ತಲೆಯ ಮೇಲೆ ಬೀಳುವದಿಲ್ಲ; ಊರೇ ಅದನ್ನು ಹೊರುತ್ತದೆ. ಈಗ ದೂರವಾಣಿಯ ಮೂಲಕ ಸುದ್ದಿಯು ಗುಂಡಿಗಿಂತ ಮುಂಚೆಯೇ ತಲುಪುತ್ತದಾದರೂ ಜನರು ಕೂಡಿ ಬರುವದರಲ್ಲಿ ಕಡಿಮೆಯಾಗಿಲ್ಲ. ಇಂಥ ಊರಿನಲ್ಲಿ ಐಕಮತ್ಯವಿಲ್ಲವೆಂದು ಹೇಳುವವನು ಆ ಊರನ್ನು ಕಂಡವನಲ್ಲ.

ಹೀಗಿದ್ದರೂ, ಪ್ರಿಯ ವಾಚಕರೇ, ಒಂದು ಸಂಗತಿಯನ್ನು ನಾವು ಕೂಡಿ ವಿಚಾರಿಸಬೇಕಾಗಿದೆ. ಆ ಮನೆಯಲ್ಲಿ ತೀರಿಹೋದ ಹಿರಿಯನು ಸಾಯುವದಕ್ಕೆ ಮುಂಚೆ ಎಂಟು ಹತ್ತು ವರುಷ ಅದೇ ಜಗಲಿಯಲ್ಲಿ ಒಬ್ಬನೇ ಕೂತಿದ್ದನು. ಮಕ್ಕಳಲ್ಲಿ ಒಬ್ಬನು ಬೆಂಗಳೂರಿನಲ್ಲಿ, ಇನ್ನೊಬ್ಬಳು ಸಮುದ್ರದಾಚೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಅವನ ಗೇಟಿನ ಒಳಗೆ ಕಾಲಿಟ್ಟವರನ್ನು ಬೆರಳೆಣಿಸಿ ಹೇಳಬಹುದಾಗಿತ್ತು. ಆ ಹೊತ್ತಿನಲ್ಲಿ ಯಾರೂ ಗುಂಡು ಹಾರಿಸಲಿಲ್ಲ. ಒಂಟಿತನಕ್ಕೆ ಗುಂಡು ಹಾರಿಸುವ ಪದ್ಧತಿ ಯಾವ ಸೀಮೆಯಲ್ಲಿಯೂ ಇಲ್ಲ. ಹಾಗಾದರೆ ಮುಪ್ಪಿನವರಿಗೆ ಊರು ಸಲ್ಲಿಸತಕ್ಕದ್ದು ಯಾವದು? ಸತ್ತ ದಿನದ ಕೂಟವೋ, ಹಬ್ಬದ ದಿನದ ನಮಸ್ಕಾರವೋ, ಇಲ್ಲವೆ ಬೇರೆ ಏನಾದರೂ ಇದೆಯೋ?

ಹಬ್ಬದ ದಿನದ ನಮಸ್ಕಾರವು ಕೊಡಗಿನಲ್ಲಿ ಸಣ್ಣ ಮಾತಲ್ಲ. ಕಿರಿಯನು ಬಾಗಿ ಬಲಗೈಯಿಂದ ಹಿರಿಯರ ಪಾದವನ್ನು ಮೂರು ಸಾರಿ ಮುಟ್ಟಿ ತನ್ನ ಹಣೆಗೆ ಒತ್ತಿಕೊಳ್ಳುತ್ತಾನೆ. ಪುತ್ತರಿಯಲ್ಲಿ, ಮದುವೆಯಲ್ಲಿ, ದೂರದಿಂದ ಊರಿಗೆ ಬಂದ ದಿನ, ಇದು ತಪ್ಪುವದಿಲ್ಲ. ಕಾಲೇಜು ಓದಿದವನೂ ಸೈನ್ಯದಲ್ಲಿ ದೊಡ್ಡ ಪದವಿಗೇರಿದವನೂ ತಾತನ ಮುಂದೆ ಬಾಗುವದನ್ನು ನೋಡುವಾಗ ಮನಸ್ಸು ತುಂಬುತ್ತದೆ. ಆದರೆ ಈ ಬಾಗುವಿಕೆಯು ಯಾವ ಬೇರಿನಿಂದ ಬೆಳೆದದ್ದೆಂಬದನ್ನು ತಿಳಿಯದೆ ಹೋದರೆ ಅದರ ಈಗಿನ ಸ್ಥಿತಿಯೂ ನಮಗೆ ತಿಳಿಯದು.

ಪೂರ್ವಕಾಲದಲ್ಲಿ ಕೊಡವರ ಒಕ್ಕದವರು ಐನ್‌ಮನೆಯಲ್ಲಿ ಒಟ್ಟಾಗಿ ಬಾಳಿದರು. ಅರೆಭಾಷೆ ಗೌಡರಿಗೂ ಐನ್‌ಮನೆಗಳುಂಟು. ಒಕ್ಕದ ಭೂಮಿ ಒಟ್ಟಿನಲ್ಲಿತ್ತು. ಎಲ್ಲರಿಗಿಂತ ಹಿರಿಯನಾದ ಗಂಡಸು ಪಟ್ಟೆದಾರನು. ಅವನಿಗೆ ಸಹಾಯಕನಾಗಿ ಕೊರವುಕಾರನು. ಯಾವ ಗದ್ದೆಗೆ ಎಷ್ಟು ಬಿತ್ತನೆ, ಕಣಜದಿಂದ ಯಾರಿಗೆ ಎಷ್ಟು ಅಕ್ಕಿ, ಯಾವ ಮನೆಯಿಂದ ಹೆಣ್ಣು ತರಬೇಕು, ಯಾವ ಜಗಳವನ್ನು ಹೇಗೆ ತೀರಿಸಬೇಕು ಎಂಬದೆಲ್ಲಾ ಹಿರಿಯರ ಬಾಯಿಂದ ಹೊರಡಬೇಕಾಗಿತ್ತು. ಜಗಲಿಯ ಕಂಬಗಳ ನಡುವೆ ಹಾಸಿದ ದಪ್ಪ ಹಲಗೆಗೆ ಐಮರವೆಂದು ಹೆಸರು. ಅಲ್ಲಿ ಕೂತಿದ್ದ ಮುದುಕನು ಬಿಸಿಲು ಕಾಯಿಸುವದಕ್ಕೆ ಕೂತವನಲ್ಲ, ಕೆಲಸದ ಮೇಲೆ ಕೂತವನು. ಮನೆಯೊಳಗೆ ಹಿರಿಯ ಹೆಂಗಸಿನ ಸಂಗತಿಯೂ ಹಾಗೆಯೇ. ಊರಿಗೆ ತಕ್ಕನಿದ್ದನು, ನಾಡಿಗೆ ತಕ್ಕನಿದ್ದನು. ಒಂದೊಂದು ಒಕ್ಕಕ್ಕೂ ಬೇರೆ ಒಕ್ಕದಿಂದ ಅರುವನೆಂಬ ಸಾಕ್ಷಿಗಾರನಿದ್ದನು. ಮದುವೆಯಲ್ಲಿ ಹೆಣ್ಣಿನ ಕಡೆಯ ಅರುವನು ಗಂಡಿನ ಕಡೆಯ ಅರುವನ ಕೈಗೆ ಹನ್ನೊಂದು ಕಲ್ಲುಗಳನ್ನು ಎಣಿಸಿ ಕೊಡುವಾಗ ಆ ಹೆಣ್ಣಿಗೆ ಹೊಸ ಮನೆಯಲ್ಲಿ ದೊರೆಯತಕ್ಕ ಹಕ್ಕುಗಳಿಗೆ ಊರೆಲ್ಲಾ ಸಾಕ್ಷಿಯಾಗುತ್ತದೆ. ಕಾಗದವಿಲ್ಲದ ಕಾಲದಲ್ಲಿ ಹಿರಿಯರ ನೆನಪೇ ದಫ್ತರವಾಗಿತ್ತು.

ಆದ್ದರಿಂದ ಅಂದಿನ ಗೌರವವು ಬರೇ ಪ್ರೀತಿಯಿಂದ ಹುಟ್ಟಿದ್ದಲ್ಲ. ಹಿರಿಯನ ಕೈಯಲ್ಲಿ ಬೀಗದ ಕೈಯಿತ್ತು. ಅವನಿಲ್ಲದೆ ಮನೆಯು ನಡೆಯಲಾರದು. ಅಧಿಕಾರವನ್ನು ಬಿಗಿಹಿಡಿದು ಕಿರಿಯರ ಬಾಯಿ ಕಟ್ಟಿದ ಪಟ್ಟೆದಾರರೂ ಇದ್ದರೆಂಬದನ್ನು ಮರೆಮಾಡಲಾಗದು. ಮಕ್ಕಳು ಐನ್‌ಮನೆಯನ್ನು ಬಿಟ್ಟು ಹೊರಟದ್ದಕ್ಕೆ ಕಾಫಿಯೊಂದೇ ಕಾರಣವಲ್ಲ.

ಕಾಫಿಯಾದರೂ ದೊಡ್ಡ ಕಾರಣವೇ. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯ ಹತ್ತಿರ ತೋಟವನ್ನು ತೆರೆದ ಮೇಲೆ ಬೆಟ್ಟಗಳ ಇಳಿಜಾರುಗಳೆಲ್ಲಾ ತೋಟಗಳಾಗುತ್ತಾ ಬಂದವು. ಗದ್ದೆಯು ಒಟ್ಟು ಕೈಗಳನ್ನು ಬೇಡುವದು. ತೋಟವು ಒಬ್ಬನ ಹೆಸರನ್ನು ಬೇಡಿತು. ತಮ್ಮತಮ್ಮ ತೋಟದಲ್ಲಿ ತಮ್ಮತಮ್ಮ ಮನೆ ಕಟ್ಟಿಕೊಂಡವರು ಐನ್‌ಮನೆಗೆ ಹಬ್ಬಕ್ಕೆ ಮಾತ್ರ ಬರುವವರಾದರು. ತರುವಾಯ ಶಾಲೆಯು, ಸೈನ್ಯವು, ಪಟ್ಟಣದ ಉದ್ಯೋಗವು ಒಂದರ ಹಿಂದೆ ಒಂದು ಕರೆದವು. 2001ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆಯು 5,48,561 ಆಗಿತ್ತು, 2011ರಲ್ಲಿ 5,54,519. ಕರ್ನಾಟಕವೆಲ್ಲಾ ಆ ಹತ್ತು ವರುಷದಲ್ಲಿ ಶೇಕಡ 15ಕ್ಕೂ ಮಿಕ್ಕಿ ಬೆಳೆದಾಗ ಕೊಡಗು ಶೇಕಡ 1ಕ್ಕೆ ತುಸು ಹೆಚ್ಚಾಗಿ ಮಾತ್ರ ಬೆಳೆಯಿತು. ಹೋದವರನ್ನು ನಾವು ನಿಂದಿಸುವದಿಲ್ಲ. ಅವರನ್ನು ಓದಿಸಿ ಕಳುಹಿಸಿದವರು ಈ ಮುದುಕರೇ; ಮಗನು ತೋಟದ ಮಳೆಯಲ್ಲಿ ನೆನೆಯುವದು ಬೇಡವೆಂದು ಹೇಳಿದವರೂ ಇವರೇ.

ಹೀಗೆ ಬೀಗದ ಕೈ ಹೋಯಿತು, ನಮಸ್ಕಾರ ಉಳಿಯಿತು. ಹಿರಿಯನ ಪಾದಗಳನ್ನು ಮುಟ್ಟುತ್ತೇವೆ. ಅವನ ಆಲೋಚನೆಯನ್ನು ಕೇಳುವದಿಲ್ಲ. ಇದರಲ್ಲಿ ಕಪಟವಿಲ್ಲ, ಕೇಳಬೇಕಾದ ಪ್ರಶ್ನೆಗಳೇ ನಮ್ಮಲ್ಲಿ ತೀರಿಹೋಗಿವೆ. ಜಮೀನಿನ ಗಡಿಯನ್ನು ನಕ್ಷೆಯು ಹೇಳುತ್ತದೆ, ಮಳೆಯನ್ನು ದೂರವಾಣಿಯು ಹೇಳುತ್ತದೆ. ಯಾರೂ ಏನೂ ಕೇಳದ ಮನುಷ್ಯನು ಊಟವೂ ಔಷಧವೂ ಹೊತ್ತಿಗೆ ಸರಿಯಾಗಿ ದೊರೆತರೂ ಒಳಗಿನಿಂದ ಬಾಡುತ್ತಾನೆ.

ಕೇಳುವವನೊಬ್ಬನು ಬಂದರೆ ಏನಾಗುವದೆಂಬದಕ್ಕೆ ಕೊಡಗಿನಲ್ಲಿಯೇ ದೃಷ್ಟಾಂತವುಂಟು. ನಡಿಕೇರಿಯಂಡ ಚಿಣ್ಣಪ್ಪನವರು ದುಡಿ ಬಾರಿಸುತ್ತಾ ಹಾಡುತ್ತಿದ್ದವರ ಬಾಯಲ್ಲಿ ಮಾತ್ರ ಇದ್ದ ಹಾಡುಗಳನ್ನೂ ಪದ್ಧತಿಗಳನ್ನೂ ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಗ್ರಂಥವಾಗಿ ಅಚ್ಚು ಹಾಕಿಸಿದರು. ಅವರು 1931ರಲ್ಲಿ ತೀರಿಕೊಂಡರು. ಇನ್ನೊಂದು ತಲೆಮಾರು ತಡವಾಗಿದ್ದರೆ ಅವುಗಳಲ್ಲಿ ಎಷ್ಟು ಹಾಡುಗಳು ಹಾಡುವವರೊಂದಿಗೇ ಮಣ್ಣಿಗೆ ಸೇರುತ್ತಿದ್ದವೋ! ಎಲ್ಲರೂ ಗ್ರಂಥ ಬರೆಯಲಾರರು, ನಿಜ. ಆದರೆ ಈ ಹಾದಿ ಮೊದಲು ಎಲ್ಲಿ ಹೋಗುತ್ತಿತ್ತು, ಈ ತೋಡಿನಲ್ಲಿ ನೀರು ಎಷ್ಟರ ತನಕ ಏರಿದ್ದುಂಟು ಎಂದು ಕೇಳುವದಕ್ಕೆ ಗ್ರಂಥಕರ್ತನೇ ಆಗಬೇಕೆಂದಿಲ್ಲ.

ಇಲ್ಲಿ ಒಂದು ಕಠಿಣವಾದ ಆಕ್ಷೇಪವು ಎದುರಾಗುತ್ತದೆ. ಹಿರಿಯರ ಮಾತು ಉಪಯೋಗಕ್ಕೆ ಬರುವದರಿಂದ ಅವರನ್ನು ಗೌರವಿಸಬೇಕು ಎಂದಾದರೆ, ಮಾತೇ ತಪ್ಪಿಹೋದವನ ಗತಿಯೇನು? ಮಗಳನ್ನು ಗುರುತಿಸದ ತಾಯಿ, ಹಾಸಿಗೆಯಿಂದ ಏಳಲಾರದ ಮುದುಕ, ಒಂದೇ ಪ್ರಶ್ನೆಯನ್ನು ದಿನಕ್ಕೆ ನಲವತ್ತು ಸಾರಿ ಕೇಳುವವನು, ಇವರಿಂದ ಯಾರಿಗೆ ಏನು ಪ್ರಯೋಜನ? ಪ್ರಯೋಜನವನ್ನೇ ಅಳತೆಗೋಲಾಗಿ ಇಟ್ಟುಕೊಂಡವನು ಇಲ್ಲಿ ಸೋಲಲೇ ಬೇಕು. ಆದರೆ ಒಕ್ಕದ ಹಳೆಯ ಪದ್ಧತಿಯಲ್ಲಿಯೇ ಇದಕ್ಕೆ ಉತ್ತರವಿದೆ ಎಂದು ನಮಗೆ ತೋರುತ್ತದೆ. ಐನ್‌ಮನೆಯ ಹತ್ತಿರ ಕೈಮಡವೆಂಬ ಸಣ್ಣ ಗುಡಿಯಲ್ಲಿ ಒಕ್ಕದವರು ತೀರಿಹೋದ ಕಾರಣವರಿಗೆ ಎಡೆಯಿಡುತ್ತಾರೆ. ಕಾರಣಂಗ ಕೊಡ್ಪ ಎಂದು ಅದಕ್ಕೆ ಹೆಸರು. ಆ ನಂಬಿಕೆಯ ವಿಚಾರವು ಇಲ್ಲಿ ನಮ್ಮ ಮಾತಲ್ಲ. ಉಳಲಾರದ, ಕೊಯ್ಯಲಾರದ ಪೂರ್ವಜರಿಗೂ ಊಟದಲ್ಲಿ ಪಾಲುಂಟೆಂದು ಆ ಮನೆಯವರು ತಲೆತಲಾಂತರದಿಂದ ತಿಳಿದಿದ್ದಾರೆ, ಅಷ್ಟನ್ನು ಗಮನಿಸಿರಿ. ತೀರಿಹೋದವನಿಗೆ ಸಲ್ಲುವ ಪಾಲು ಉಸಿರಾಡುವ ಮುದುಕಿಗೆ ಸಲ್ಲದೆ ಹೋದೀತೇ? ಹಿರಿಯರಿಗೆ ಕೆಲಸ ಕೊಡುವದು, ಆಲೋಚನೆ ಕೇಳುವದು, ಇವೆಲ್ಲಾ ಅವರ ಸಂತೋಷಕ್ಕಾಗಿ ಮಾಡತಕ್ಕವು. ಅವರ ಪಾಲಾದರೋ ಅವರು ಏನೂ ಮಾಡಲಾರದೆ ಹೋದಾಗಲೂ ತೀರದು.

ಇದು ನಮ್ಮ ಸೀಮೆಯೊಂದರ ಸಂಗತಿಯಲ್ಲ. ದಕ್ಷಿಣ ಆಫ್ರಿಕಾದಲ್ಲಿ ಜೊಹಾನ್ಸ್‌ಬರ್ಗ್ ಪಟ್ಟಣದ ಹತ್ತಿರ ಸೊವೆಟೊ ಎಂಬ ದೊಡ್ಡ ವಸತಿಯಿದೆ. ಬಿಳಿಯರ ಆಡಳಿತದವರು ಕರಿಯ ಜನರನ್ನು ಪಟ್ಟಣದೊಳಗೆ ನೆಲೆಸಗೊಡದೆ ಅಂಥ ವಸತಿಗಳಲ್ಲಿಟ್ಟರು. ಗಣಿಯ ಕೆಲಸಕ್ಕೂ ಮನೆಗೆಲಸಕ್ಕೂ ಹೋದ ತಂದೆತಾಯಿಗಳ ಮಕ್ಕಳನ್ನು ಅಜ್ಜಿಯರು ಸಾಕಿದರು. ಅಲ್ಲಿ 1928ರಲ್ಲಿ ಮುಪ್ಪಿನ ವೇತನದ ಕಾನೂನಾಯಿತು, ಆದರೆ ಕರಿಯರಿಗೆ ಅದರಲ್ಲಿ ಪಾಲಿರಲಿಲ್ಲ. 1944ರಲ್ಲಿ ಪಾಲು ದೊರೆಯಿತಾದರೂ ಕಡಿಮೆಯ ಪಾಲು. ಎಲ್ಲರಿಗೂ ಸಮವಾದದ್ದು 1993ರಲ್ಲಿ. ಅನಂತರ ಏಡ್ಸ್ ರೋಗವು ನಡುವಯಸ್ಸಿನವರನ್ನು ಕೊಂಡೊಯ್ದಾಗ ಅಜ್ಜಿಯ ಆ ವೇತನವೇ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳ ಹಿಟ್ಟೂ ಶಾಲೆಯ ಬಟ್ಟೆಯೂ ಆಯಿತು. ಅಲ್ಲಿನ ಬಡವರು ತಿಂಗಳು ತಿಂಗಳು ಕಾಸು ಕೂಡಿಸಿ ಶವಸಂಸ್ಕಾರದ ಸಂಘಗಳನ್ನು ನಡೆಸುತ್ತಾರೆ. ಸಾವಿಗೆ ಊರು ಕೂಡುವದು ಅಲ್ಲಿಯೂ ಉಂಟೆಂದಾಯಿತು. ಬದುಕಿರುವ ಅಜ್ಜಿಯಾದರೋ ಅಲ್ಲಿ ಮನೆಯ ನಡುಗಂಬವಾಗಿದ್ದಾಳೆ.

ಅಂಥ ಅಜ್ಜಿಯರು ಕೊಡಗಿನಲ್ಲಿಯೂ ಇದ್ದಾರೆ, ಐನ್‌ಮನೆಗಳಲ್ಲಿ ಹುಡುಕಬೇಡಿರಿ. ತೋಟದ ಲೈನ್ ಮನೆಗಳಿಗೆ ಹೋಗಿರಿ. ತಂದೆತಾಯಿ ಕಾಫಿ ಕೊಯ್ಯಲು ಹೋದಾಗ ಬಾಗಿಲಲ್ಲಿ ಕೂತು ಮೂರು ಮಕ್ಕಳನ್ನು ನೋಡಿಕೊಳ್ಳುವ ಎರವರ ಮುದುಕಿ, ಕುರುಬರ ಮುದುಕಿ ಅಲ್ಲಿ ಕಾಣುವಳು. ಅವಳ ಹಿಂದಿನವರು ಒಕ್ಕಗಳ ಗದ್ದೆಗಳಲ್ಲಿ ತಲೆತಲಾಂತರ ದುಡಿದರು. ಪಟ್ಟೆದಾರನ ಮುಪ್ಪಿಗೆ ಐಮರವಿತ್ತು. ಅವಳ ಮುಪ್ಪಿಗೆ ಏನಿತ್ತು? ಲೈನ್ ಮನೆಯು ಕೆಲಸಕ್ಕೆ ಅಂಟಿಕೊಂಡದ್ದು. ಮನೆಯಲ್ಲಿ ದುಡಿಯುವ ಕೈ ಇರುವ ತನಕ ಸೂರು. 2016ರ ಡಿಸೆಂಬರ್ ತಿಂಗಳಲ್ಲಿ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯವರು ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ್ದು ನಮ್ಮ ವಾಚಕರಿಗೆ ನೆನಪಿರಬಹುದು. ಅಲ್ಲಿದ್ದವರಲ್ಲಿ ಅನೇಕರು ಸ್ವಂತ ಸೂರಿಗಾಗಿ ಲೈನ್ ಮನೆಗಳನ್ನು ಬಿಟ್ಟು ಬಂದವರು. ಬಹಳ ದಿನದ ಹೋರಾಟದ ಮೇಲೆ ಬಸವನಹಳ್ಳಿಯಲ್ಲಿಯೂ ಬ್ಯಾಡಗೊಟ್ಟದಲ್ಲಿಯೂ ಅವರಿಗೆ ಮನೆಗಳಾದವು. ಹಿರಿಯರನ್ನು ಗೌರವಿಸುವ ಸೀಮೆಯೆಂಬ ಹೆಸರು ನಮಗೆ ಸಲ್ಲಬೇಕಾದರೆ, ನಮ್ಮ ಮನೆಯ ಹಿರಿಯರ ಲೆಕ್ಕ ಮಾತ್ರ ಸಾಲದು. ಎಪ್ಪತ್ತು ವರುಷದ ಕೂಲಿಯಾಳನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುವ ಹುಡುಗನು ಅದೇ ಸಂಜೆ ತನ್ನ ತಾತನ ಪಾದ ಮುಟ್ಟಿದರೆ, ಅವನು ಮುಪ್ಪಿಗೆ ಬಾಗಿದನೆಂದು ಹೇಳಬಹುದೋ, ತನ್ನ ಮನೆತನಕ್ಕೆ ಬಾಗಿದನೆಂದು ಹೇಳಬೇಕೋ?

ಕಾನೂನು ಇದೆಯಲ್ಲಾ ಎಂದು ಕೆಲವರು ಹೇಳಬಹುದು. ಇದೆ. 2007ರ ಕಾನೂನಿನ ಪ್ರಕಾರ ತಮ್ಮನ್ನು ತಾವೇ ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿಯಿಟ್ಟು ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿ ಮೀರದ ಮೊತ್ತವನ್ನು ಕೊಡಿಸಿಕೊಳ್ಳಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ 60 ದಾಟಿದವರಿಂದ ಆಸ್ತಿ ಬರೆಸಿಕೊಂಡವನು ಮಾತು ತಪ್ಪಿದರೆ ಆ ದಾನಪತ್ರವನ್ನು ರದ್ದು ಮಾಡಿಸಲೂ ಬಹುದು. ಇದನ್ನು ತಿಳಿದಿರುವದು ಒಳ್ಳೇದು, ಮತ್ತು ಸಹಿ ಹಾಕುವ ಮುಂಚೆ ಆ ಷರತ್ತನ್ನು ಪತ್ರದಲ್ಲಿಯೇ ಬರೆಸುವದು ಇನ್ನೂ ಒಳ್ಳೇದು. ಆದರೆ ಮಗನ ಮೇಲೆ ಅರ್ಜಿಯಿಡುವ ತಾಯಿ ಎಷ್ಟು ಮಂದಿ? ಕಾನೂನು ಹಣವನ್ನು ತರಿಸೀತು. ಸಂಜೆಯ ಹೊತ್ತು ಗೇಟು ತೆರೆದು ಒಳಗೆ ಬರುವವನನ್ನು ಅದು ತರಿಸಲಾರದು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಮೊದಲಾದ ಕಡೆಗಳಲ್ಲಿ ಬೆಟ್ಟಗಳು ಕುಸಿದಾಗ ನಡೆಯಲಾರದ ಮುದುಕರನ್ನು ಹೊತ್ತು ಕೆಸರಿನೊಳಗಿಂದ ದಾಟಿಸಿದವರಲ್ಲಿ ಸೈನಿಕರೂ ಇದ್ದರು, ನೆರೆಯ ಹುಡುಗರೂ ಇದ್ದರು. ಸಮಾಜಗಳ ಮಂಟಪಗಳೂ ಶಾಲೆಗಳೂ ಆಶ್ರಯವಾದವು; ಒಕ್ಕದವನೂ ಲೈನ್ ಮನೆಯವನೂ ಒಂದೇ ಸಾಲಿನಲ್ಲಿ ಉಂಡರು. ಅಂಥ ವೇಳೆಯಲ್ಲಿ ಬಹಳ ಬೆಲೆಯುಳ್ಳದ್ದು ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆ ಎಂಬ ತಿಳಿವಳಿಕೆಯೇ. ಹೋಗಿ ಬರುವ ಊರಿನವರಿಗೆ ಅದು ಬಾಯಲ್ಲಿರುತ್ತದೆ. ಹೋಗಿ ಬರುವದನ್ನು ಬಿಟ್ಟ ಊರಿನಲ್ಲಿ ಕತ್ತಲೆಯೊಳಗೆ ಕೂಗಿ ಹುಡುಕಬೇಕು.

ಮಳೆಯು ಜೂನಿನಲ್ಲಿ ಹಿಡಿಯುತ್ತದೆ. ವಿದ್ಯುತ್ತು ದಿನಗಟ್ಟಲೆ ಇಲ್ಲದಿರುವದೂ ದೂರವಾಣಿ ಸತ್ತುಹೋಗುವದೂ ನಮಗೆ ಹೊಸದಲ್ಲ. ಅದಕ್ಕೆ ಮುಂಚೆ ಪ್ರತಿಯೊಂದು ಊರಿನವರು ಕೂಡಿ ಒಂದು ಪಟ್ಟಿ ಮಾಡಿಕೊಳ್ಳಲಿ: ಐನ್‌ಮನೆಯಾಗಲಿ ಲೈನ್ ಮನೆಯಾಗಲಿ, ಒಂಟಿಯಾಗಿರುವವರು ಯಾರು, ಒಲೆಗೆ ಒಣಗಿದ ಸೌದೆ ಇದೆಯೋ, ಒಂದು ತಿಂಗಳಿಗೆ ಸಾಲುವಷ್ಟು ಮಾತ್ರೆ ಇದೆಯೋ, ಮಾಡಿನ ಹಂಚು ಸರಿಯಿದೆಯೋ. ಸಂತೆಗೆ ಹೋಗುವವರು ಹೋಗುವಾಗ ಒಮ್ಮೆ ಆ ಗೇಟಿನ ಹತ್ತಿರ ನಿಲ್ಲಲಿ, ಸಾಮಾನು ತಂದುಕೊಟ್ಟ ಮೇಲೆ ಒಂದು ಗಳಿಗೆ ಕೂತು, ಈ ವರುಷ ಮಳೆ ಹೇಗೆ ಹಿಡಿಯುವದೆಂದು ಆ ಮುದುಕರನ್ನೇ ಕೇಳಲಿ.