ಹೆಸರು ಹಿಡಿದು ಬರೆಯಿರಿ



ಕಲ್ಯಾಣದ ಕ್ರಾಂತಿಯ ನಂತರ ಶರಣರು ಉಳವಿಯತ್ತ ನಡೆದದ್ದು ನಮ್ಮ ಈ ನೆಲದ ಮೇಲೆಯೇ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಾದರವಳ್ಳಿಯಲ್ಲಿ ಕಾಳಗವಾಯಿತು. ಎಂ.ಕೆ. ಹುಬ್ಬಳ್ಳಿಯ ಬಳಿ, ಮಲಪ್ರಭೆಯ ಮಡಿಲಲ್ಲಿ, ಬಸವಣ್ಣನವರ ಮಡದಿ ಗಂಗಾಂಬಿಕೆ ತಾಯಿ ಐಕ್ಯರಾದರು. ಬೆನ್ನ ಹಿಂದೆ ಕಲ್ಯಾಣದ ಸೈನ್ಯ, ಮುಂದೆ ಕಾಡು. ಅಂಥ ಹೊತ್ತಿನಲ್ಲಿ ಶರಣರು ಜೀವದಂತೆ ಕಾಪಾಡಿಕೊಂಡು ಹೊತ್ತದ್ದು ವಚನದ ಕಟ್ಟುಗಳನ್ನು.

ಆ ಕಟ್ಟುಗಳಲ್ಲಿ ಬಹಳಷ್ಟಿದೆ. ಇಂದು ಒಂದನ್ನೇ ಹೇಳುತ್ತೇನೆ. ಕಲ್ಯಾಣದ ಅರಸ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ತಮ್ಮ ಬಳಗದ ಹಿರಿಯರೆಂದು ವಚನಗಳಲ್ಲಿ ಹೆಸರು ಹಿಡಿದು ನೆನೆದರು. ಎಲ್ಲರಿಂದ ಒಳ್ಳೆಯದಾಯಿತು ಎಂದು ತೇಲಿಸಲಿಲ್ಲ. ಊರು ಹೊರಗಿಟ್ಟವರ ಹೆಸರನ್ನೇ ಬರೆದರು. ಉಪಕಾರಸ್ಮರಣೆ ಎಂದರೆ ನನಗೆ ಇದೇ.

ಇನ್ನು ನಮ್ಮ ಬದುಕು ನೋಡಿ. ಮಳೆ ಕೈಕೊಟ್ಟ ವರ್ಷ, ಕಬ್ಬಿನ ಬಿಲ್ಲು ಬಾರದ ತಿಂಗಳು, ಸಂಘದ ಸಾಲದ ಕಂತು, ಮಕ್ಕಳ ಪರೀಕ್ಷೆ. ರಾತ್ರಿ ಮೈ ಹಾಸಿಗೆಯಲ್ಲಿದ್ದರೂ ಮನಸ್ಸು ಅಲ್ಲಿರುವುದಿಲ್ಲ. ಇಂಥ ದಿನಗಳಲ್ಲಿ ಪ್ರಾರ್ಥನೆ ಮುಗಿಸಿ, ಮಕ್ಕಳ ಹಳೇ ನೋಟುಬುಕ್ಕಿನಲ್ಲಾದರೂ ಸರಿ, ನೆರವಾದವರ ಬಗ್ಗೆ ಎರಡು ಸಾಲು ಬರೆಯಿರಿ. ಹತ್ತಿ ಹೊಲದ ಕಳೆಗೆ ಯಾರು ಮುಯ್ಯಾಳಾಗಿ ಬಂದರು? ಮಗಳು ಓಡಿ ಬರುವ ತನಕ ಯಾವ ಕಂಡಕ್ಟರ್ ಬಸ್ಸು ನಿಲ್ಲಿಸಿದ? ಹೆಸರು ಗೊತ್ತಿದ್ದರೆ ಹೆಸರು, ಇಲ್ಲದಿದ್ದರೆ ಊರು, ಅದೂ ಇಲ್ಲದಿದ್ದರೆ ಮಾಡಿದ ಕೆಲಸ.

2019ರ ಆಗಸ್ಟ್ ನೆನಪಿದೆಯಲ್ಲ? ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗ, ಸುರೇಬಾನ ಭಾಗದ ನೇಕಾರರ ಮನೆ ಹೊಕ್ಕಿತು, ಮಗ್ಗಗಳು ಮುಳುಗಿದವು. ನೀರು ಎಲ್ಲಿಯವರೆಗೆ ಏರಿತ್ತು ಎಂದು ಇಂದಿಗೂ ಗೋಡೆಗೆ ಕೈಯಿಟ್ಟು ತೋರಿಸುತ್ತೇವೆ. ಆದರೆ ಪ್ರವಾಹ ಮುಟ್ಟದ ಊರುಗಳಿಂದ ರೊಟ್ಟಿಯ ಗಂಟುಗಳು ಬಂದವಲ್ಲ, ಅವನ್ನು ಬಡಿದ ತಾಯಂದಿರು ಯಾವ ಊರಿನವರು? ನಮ್ಮಲ್ಲಿ ಎಷ್ಟು ಮನೆಯಲ್ಲಿ ಅದನ್ನು ಬರೆದಿಟ್ಟಿದ್ದೇವೆ? ನಷ್ಟದ ಪಟ್ಟಿ ಸರ್ಕಾರಕ್ಕೆ ಬೇಕಿತ್ತು, ಬರೆದೆವು. ರೊಟ್ಟಿಯ ಲೆಕ್ಕ ಯಾರೂ ಕೇಳಲಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಹೀಗೆ ಒಳಿತನ್ನು ಬರೆದಿಡುವುದರ ಕುರಿತು ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು 10 ವಾರ, ವಾರಕ್ಕೊಮ್ಮೆ, ತಮಗೆ ದೊರೆತ ಒಳಿತನ್ನು ಬರೆದರು. ಕೆಲವರು ಕಿರಿಕಿರಿಗಳನ್ನು ಬರೆದರು. ಒಳಿತು ಬರೆದವರಿಗೆ ತಮ್ಮ ಬಾಳಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ಮೈನೋವಿನ ದೂರೂ ಕಡಿಮೆಯಿತ್ತು.

ಆದರೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೆಳೆ ಕೊಳೆತು ಕುಳಿತವನ ಎದುರು ನಿಂತು ‘ಇದ್ದುದಕ್ಕೆ ಕೃತಜ್ಞನಾಗಿರು’ ಎನ್ನಬೇಡಿ. ಅದು ಉಪದೇಶವಲ್ಲ, ಗಾಯಕ್ಕೆ ಉಪ್ಪು. ಅವನ ಪುಸ್ತಕದಲ್ಲಿ ಬರೆಯುವಂಥದ್ದು ನಾವು ಏನು ಮಾಡಿದ್ದೇವೆ ಎಂದು ಮೊದಲು ಕೇಳಿಕೊಳ್ಳೋಣ. ನಿಮ್ಮ ಪುಸ್ತಕದಲ್ಲೂ ದುಃಖಕ್ಕೆ ಜಾಗವಿರಲಿ. ಅತ್ತ ದಿನ ಅತ್ತೆ ಎಂದೇ ಬರೆಯಿರಿ. ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಬೇಡವೆನಿಸಿದರೆ ಪುಸ್ತಕ ಬದಿಗಿಟ್ಟು ಮನೆಯವರಿಗೆ ಹೇಳಿ, ಡಾಕ್ಟರ ಬಳಿ ಹೋಗಿ. ಅದರಲ್ಲಿ ನಾಚಿಕೆಯಿಲ್ಲ.

ಬರೆಯಲು ಬಾರದ ಮುತ್ಯಾ, ಆಯಿಯರು ಮೊಮ್ಮಕ್ಕಳಿಂದ ಬರೆಸಲಿ. ಈ ಮನೆ ಯಾರ ಯಾರ ಕೈಹಿಡಿದು ನಿಂತಿದೆ ಎಂಬುದು ಆ ಮಕ್ಕಳಿಗೂ ತಿಳಿಯುತ್ತದೆ. ಬರೆದದ್ದನ್ನು ಯಾರ ಎದುರೂ ಓದಬೇಕಾಗಿಲ್ಲ. ಬರುವ ಸೋಮವಾರದೊಳಗೆ ಪುಸ್ತಕದಲ್ಲಿರುವ ಒಬ್ಬರ ಮನೆಗೆ ಹೋಗಿ, ‘ಅಂದು ನೀವು ಬಂದಿರಿ, ನಾನು ಮರೆತಿಲ್ಲ’ ಎಂದು ಹೇಳಿ. ಅವರ ಹೊಲದಲ್ಲಿ ಕೆಲಸವಿದ್ದರೆ ಅಲ್ಲಿಯೇ ನಿಂತು ಕೈಜೋಡಿಸಿ.