ಇಂದಿನ ಧಮ್ಮ ಚಿಂತನೆ: ಪಕ್ಕದ ತೂತು ಬೇಕೋ ಬೇಡವೋ





ಎರಡು ದಿನದಿಂದ ನಮ್ಮ ಗುಂಪಿನಲ್ಲಿ ಒಂದು ಯುಕುಲೆಲೆಯ ಬಗ್ಗೆ ಚರ್ಚೆ ನಡೆದಿದೆ. ಇವತ್ತಿನ ಚಿಂತನೆಗೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ಅದನ್ನು ಮುಂದಕ್ಕೆ ಹಾಕಿ ಇದನ್ನೇ ಎತ್ತಿಕೊಂಡಿದ್ದೇನೆ, ಯಾಕೆಂದರೆ ಗುರುವಾರದೊಳಗೆ ಉತ್ತರ ಹೇಳಬೇಕಾಗಿದೆ.

ಚರ್ಚೆ ಪೂರ್ತಿ ಓದದವರಿಗೆ ಹೇಳುತ್ತೇನೆ. ಭಾನುವಾರ ವಂದನೆ ಮುಗಿದ ಮೇಲೆ ನಮಗೆಲ್ಲ ಭೀಮಗೀತೆ ಹಾಡಿಸುವ ಹುಡುಗಿ ಇದ್ದಾಳಲ್ಲ, ಅವಳ ಕೈಯಲ್ಲಿರುವ ನಾಲ್ಕು ತಂತಿಯ ಪುಟ್ಟ ವಾದ್ಯವೇ ಯುಕುಲೆಲೆ. ಈಗಿರುವುದು ಆನ್‌ಲೈನಿನಲ್ಲಿ ತರಿಸಿದ ಅಗ್ಗದ್ದು. ಎರಡು ವರ್ಷ ಸಂಬಳದಲ್ಲಿ ಉಳಿಸಿ, ವಾದ್ಯ ಮಾಡುವವರೊಬ್ಬರ ಹತ್ತಿರ ತನ್ನ ಕೈಗೂ ದನಿಗೂ ಹೊಂದುವಂಥದ್ದನ್ನು ಮಾಡಿಸುತ್ತಿದ್ದಾಳೆ. ಟೆನರ್ ಅನ್ನುವ ಗಾತ್ರದ್ದು, ಪಕ್ಕಕ್ಕೆ ಬೀಟೆ ಮರ. ಅವರು ಕೇಳಿದ್ದಾರೆ: "ಪಕ್ಕದಲ್ಲಿ ಒಂದು ಸೌಂಡ್ ಪೋರ್ಟ್ ಇಡಲಾ, ಬೇಡವಾ? ಹಿಂಬದಿ ಅಂಟಿಸುವ ಮುಂಚೆ ಹೇಳಮ್ಮ." ಅವಳು ಅದನ್ನೇ ಗುಂಪಿಗೆ ಹಾಕಿದಳು. ಒಬ್ಬರು ಬೇಕು ಅಂದರು, ಒಬ್ಬರು ದುಡ್ಡು ದಂಡ ಅಂದರು. ಹಿರಿಯ ಉಪಾಸಕರೊಬ್ಬರು, "ತನ್ನ ದನಿ ತಾನೇ ಕೇಳಿ ಸುಖಪಡೋದಕ್ಕೆ ತೂತು ಬೇರೆ ಬೇಕಾ?" ಅಂದರು. ಅಲ್ಲಿಂದ ಶುರುವಾಯಿತು.

ಮೊದಲು ವಸ್ತು ಏನು ಅಂತ ತಿಳಿದುಕೊಳ್ಳೋಣ. ಯುಕುಲೆಲೆ ಹವಾಯಿ ದ್ವೀಪಗಳ ವಾದ್ಯ. ಅದರ ಮೂಲ ಮಾತ್ರ ಪೋರ್ಚುಗಲ್ಲಿನ ಮಡೈರಾ ದ್ವೀಪದ್ದು. 1879ರಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹವಾಯಿಯ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳನ್ನು ಮಡೈರಾದಿಂದ ಹೊತ್ತು ತಂದಿತು. ಅವರಲ್ಲಿ ನುನೆಸ್, ಡಿಯಾಸ್, ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರು ಮರಗೆಲಸದವರಿದ್ದರು. ಊರಿನ ಸಣ್ಣ ತಂತಿವಾದ್ಯದ ಮಾದರಿಯನ್ನು ಅಲ್ಲಿನ ಕೋವಾ ಮರದಲ್ಲಿ ಮಾಡಿ ಮಾರತೊಡಗಿದವರು ಇವರು. ಕೋವಾ ಅಂದರೆ ನಮ್ಮಲ್ಲಿ ರಸ್ತೆ ಬದಿ ನೆಟ್ಟಿರುವ ಅಕೇಶಿಯಾದ ಜಾತಿಯದೇ ಮರ. ಕೂಲಿ ಮಾಡಲು ಹೋದವರ ಕೈಯಲ್ಲಿ ಹುಟ್ಟಿದ ವಾದ್ಯ ನಮ್ಮ ಹುಡುಗಿಯ ಕೈ ಸೇರಿದ್ದು ನನಗಂತೂ ಸಂತೋಷವೇ.

ಈ ವಾದ್ಯದ ದೊಡ್ಡ ತೂತು ಮುಂದಕ್ಕೆ ಮುಖ ಮಾಡಿರುತ್ತದೆ. ದನಿ ಎದುರಿಗೆ ಕೂತವರ ಕಡೆ ಹೋಗುತ್ತದೆ. ನುಡಿಸುವವರ ಕಿವಿ ಇರುವುದು ಮೇಲೆ, ವಾದ್ಯದ ಪಕ್ಕದ ಹಲಗೆಯ ನೇರಕ್ಕೆ. ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತರು ಅಂತ ನಮಗೆಲ್ಲ ಗೊತ್ತು. ಪಿಟೀಲನ್ನು ಹೆಗಲ ಮೇಲಿಟ್ಟರೆ ಅದರ ಸೀಳುಗಳು ಕಿವಿಯ ಬುಡದಲ್ಲೇ ಇರುತ್ತವೆ. ಯುಕುಲೆಲೆಯನ್ನು ಎದೆಗೆ ಅವುಚಿ ಹಿಡಿಯುವುದರಿಂದ ಆ ಅನುಕೂಲ ಇಲ್ಲ. ಅದಕ್ಕೇ ಕೆಲವರು ಪಕ್ಕದ ಹಲಗೆಯಲ್ಲಿ, ಕುತ್ತಿಗೆಯ ಹತ್ತಿರ, ಮೇಲ್ಮುಖವಾಗಿ ಸಣ್ಣ ಮೊಟ್ಟೆಯಾಕಾರದ ತೂತು ಕೊರೆಯುತ್ತಾರೆ.

ಪಕ್ಕದ ಹಲಗೆ ಸುಮಾರು 2 ಮಿಲಿಮೀಟರ್ ದಪ್ಪ ಇರುತ್ತದೆ, ಅಷ್ಟೆ. ತೂತು ತೆಗೆದರೆ ಸೀಳುವ ಭಯ ಇದೆ, ಹಾಗಾಗಿ ಒಳಗಡೆ ಎಳೆ ಅಡ್ಡಡ್ಡ ಬರುವ ಹಾಗೆ ತೆಳು ಮರದ ತೇಪೆ ಅಂಟಿಸುತ್ತಾರೆ. ಹಿಂಬದಿ ಮುಚ್ಚುವ ಮುಂಚೆ ಹೇಳು ಅಂದದ್ದು ಅದಕ್ಕೆ. ಇನ್ನೊಂದು ವಿಷಯ: ಕೊಡದ ಬಾಯಿಗೆ ಊದಿದರೆ ಗುಂಯ್ ಅನ್ನುತ್ತದಲ್ಲ, ಹಾಗೆ ಪೆಟ್ಟಿಗೆಯೊಳಗಿನ ಗಾಳಿಗೂ ಒಂದು ಸ್ವರ ಇದೆ. ಬಾಯಿ ಹೆಚ್ಚಾದಷ್ಟೂ ಆ ಸ್ವರ ಮೇಲಕ್ಕೆ ಹೋಗುತ್ತದೆ. ಅದನ್ನು ಸರಿದೂಗಿಸಲು ಕೆಲವರು ಮುಂದಿನ ತೂತನ್ನೇ ಸ್ವಲ್ಪ ಚಿಕ್ಕದು ಮಾಡುತ್ತಾರೆ. ಬೇಡವಾದಾಗ ಮುಚ್ಚಿಕೊಳ್ಳಲು ಮುಚ್ಚಳ ಮಾಡಿಕೊಡುವವರೂ ಇದ್ದಾರೆ. ಇಷ್ಟು ತಾಂತ್ರಿಕ ಸಂಗತಿ.

ಈಗ ಹಿರಿಯರ ಆಕ್ಷೇಪಕ್ಕೆ ಬರುತ್ತೇನೆ. ಕೆಲವರು ಅದಕ್ಕೆ ನಗುವ ಇಮೋಜಿ ಹಾಕಿದ್ದೀರಿ. ಅದು ನಗುವ ಮಾತಲ್ಲ. ಅಂಗುತ್ತರ ನಿಕಾಯದಲ್ಲಿ ಧಮ್ಮವನ್ನು ಹಾಡಿನ ಹಾಗೆ ಎಳೆದು ಹೇಳುವುದರಿಂದ ಆಗುವ ಐದು ಕೆಡುಕುಗಳನ್ನು ಬುದ್ಧರು ಭಿಕ್ಖುಗಳಿಗೆ ಹೇಳಿದ್ದಾರೆ. ಹೇಳುವವನು ತನ್ನ ದನಿಗೆ ತಾನೇ ಮರುಳಾಗುತ್ತಾನೆ, ಇದು ಮೊದಲನೆಯದು. ಕೇಳುವವರು ಮರುಳಾಗುತ್ತಾರೆ. ನಾವು ಹಾಡುವ ಹಾಗೇ ಇವರೂ ಹಾಡುತ್ತಾರಲ್ಲ ಅಂತ ಗೃಹಸ್ಥರು ಆಡಿಕೊಳ್ಳುತ್ತಾರೆ. ಸ್ವರದ ಆಸೆಗೆ ಬಿದ್ದವನ ಸಮಾಧಿ ಕೆಡುತ್ತದೆ. ಮುಂದಿನವರು ಅದನ್ನೇ ಅನುಕರಿಸುತ್ತಾರೆ. ನೋಡಿ, ಮೊದಲನೆಯದು ಸೀದಾ ಈ ಪಕ್ಕದ ತೂತಿಗೇ ಹೇಳಿದ ಹಾಗಿದೆ!

ಆದರೆ ಅಲ್ಲಿಗೇ ನಿಲ್ಲಬಾರದು. ವಿನಯದಲ್ಲಿ ಇದೇ ಮಾತಿನ ಬೆನ್ನಿಗೆ, ಸ್ಪಷ್ಟವಾದ ಸ್ವರದಲ್ಲಿ ಪಠಿಸುವುದಕ್ಕೆ, ಅಂದರೆ ಸರಭಞ್ಞಕ್ಕೆ, ಬುದ್ಧರು ಒಪ್ಪಿಗೆ ಕೊಟ್ಟಿದ್ದಾರೆ. ಅವಂತಿ ಸೀಮೆಯಿಂದ ಅಷ್ಟು ದೂರ ನಡೆದು ಬಂದ ಸೋಣ ಕುಟಿಕಣ್ಣ ಎಂಬ ಹೊಸ ಭಿಕ್ಖುವಿಗೆ, ಧಮ್ಮ ಹೇಳು ಅಂದರು. ಅವನು ಅಟ್ಠಕವಗ್ಗದ ಹದಿನಾರೂ ಸುತ್ತಗಳನ್ನು ಸ್ವರವಿಟ್ಟು ಹೇಳಿದ. ಚೆನ್ನಾಗಿ ಕಲಿತಿದ್ದೀಯ, ನಿನ್ನ ಮಾತು ಸ್ಪಷ್ಟವಾಗಿದೆ, ಅರ್ಥ ತಿಳಿಯುತ್ತದೆ ಅಂತ ಅವನನ್ನು ಹೊಗಳಿದರು. ಹಾಗಾದರೆ ಆ ಐದು ಕೆಡುಕು ತಪ್ಪಿಸಿಕೊಳ್ಳುವ ದಾರಿ ದನಿಯನ್ನೇ ಬಿಟ್ಟುಬಿಡುವುದರಲ್ಲಿ ಇಲ್ಲ. ದನಿ ಯಾವುದಕ್ಕೆ ದುಡಿಯುತ್ತಿದೆ ಅಂತ ಎಚ್ಚರದಿಂದ ನೋಡಬೇಕು. ನೋಡಬೇಕಾದರೆ ಮೊದಲು ಅದು ಕಿವಿಗೆ ಬೀಳಬೇಕಲ್ಲ?

ನಮ್ಮ ವಿಹಾರದ ಸಭಾಂಗಣ ನಿಮಗೆ ಗೊತ್ತು. ತಗಡಿನ ಚಾವಣಿ, ಮೂರು ಫ್ಯಾನು, ನಲವತ್ತು ಜನ. ನಾವೆಲ್ಲ ಒಟ್ಟಿಗೆ ದನಿ ಎತ್ತಿದರೆ ಅವಳಿಗೆ ತನ್ನ ತಂತಿ ಕೇಳುವುದಿಲ್ಲ. ಕೇಳದಾಗ ಏನು ಮಾಡುತ್ತಾಳೆ? ಜೋರಾಗಿ ಹೊಡೆಯುತ್ತಾಳೆ. ಜೋರಾಗಿ ಹೊಡೆದರೆ ಆ ಮೆತ್ತನೆ ತಂತಿ ಸ್ವರ ಮೀರುತ್ತದೆ, ಮಣಿಕಟ್ಟು ಬಿಗಿಯುತ್ತದೆ, ಲಯ ಓಡುತ್ತದೆ. ಅವಳ ಹಿಂದೆ ನಾವೂ ಓಡುತ್ತೇವೆ. ಕೊನೆಯ ನುಡಿಗೆ ಬರುವ ಹೊತ್ತಿಗೆ ಅವಳ ಗಂಟಲು ಕಟ್ಟಿರುತ್ತದೆ. ಮೂರು ತಿಂಗಳಿಂದ ಇದನ್ನು ನೋಡುತ್ತಿದ್ದೇನೆ.

ಇಲ್ಲಿ ಇನ್ನೊಬ್ಬ ಸೋಣ ನೆನಪಾಗುತ್ತಾನೆ, ಸೋಣ ಕೋಳಿವಿಸ. ಚಂಪಾ ನಗರದ ಶ್ರೀಮಂತರ ಮಗ. ರಾಜಗೃಹದ ಸೀತವನದಲ್ಲಿ ಕಾಲಿನಿಂದ ರಕ್ತ ಸುರಿಯುವವರೆಗೆ ನಡೆ-ಧ್ಯಾನ ಮಾಡಿ, ಏನೂ ದಕ್ಕಲಿಲ್ಲ ಅಂತ ಮನೆಗೆ ಹೊರಡುವ ಯೋಚನೆಯಲ್ಲಿದ್ದ. ಬುದ್ಧರು ಅವನಿಗೆ ಉಪದೇಶ ಶುರು ಮಾಡಲಿಲ್ಲ. "ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದೆಯಲ್ಲ?" ಅಂತ ಕೇಳಿದರು. ತಂತಿ ಅತಿಯಾಗಿ ಬಿಗಿದರೆ ನುಡಿಯುತ್ತಿತ್ತೆ, ಸಡಿಲ ಬಿಟ್ಟರೆ ನುಡಿಯುತ್ತಿತ್ತೆ ಅಂತ ಅವನ ಬಾಯಿಂದಲೇ ಉತ್ತರ ಹೊರಡಿಸಿದರು. ಈ ಕತೆ ನಾವೆಲ್ಲ ಹತ್ತು ಸಲ ಕೇಳಿದ್ದೇವೆ. ಆದರೆ ಒಂದು ಪ್ರಶ್ನೆ ಕೇಳಿಕೊಂಡಿರಲಿಲ್ಲ. ತಂತಿ ಬಿಗಿಯಾಯಿತು ಅಂತ ಸೋಣನಿಗೆ ಗೊತ್ತಾಗುತ್ತಿದ್ದದ್ದು ಹೇಗೆ? ಕೇಳಿಸಿಕೊಂಡು. ತನ್ನ ವೀಣೆ ತನಗೇ ಕೇಳದವನಿಗೆ ಮಧ್ಯಮ ಮಾರ್ಗ ಹೇಳಿ ಏನು ಪ್ರಯೋಜನ?

ನನ್ನ ತಂದೆ ತುಮಕೂರು ಕಡೆಯ ನಮ್ಮೂರಲ್ಲಿ ತಮಟೆ ಬಡಿಯುತ್ತಿದ್ದರು. ಬಡಿಯಲೇಬೇಕಿತ್ತು, ಅದು ಕೇರಿಯ ಮೇಲೆ ಹೇರಿದ್ದ ಬಿಟ್ಟಿ. ಸಾವಿಗೆ, ಜಾತ್ರೆಗೆ, ಸಾರು ಹಾಕುವುದಕ್ಕೆ. ಮಳೆಗಾಲದಲ್ಲಿ ಚರ್ಮ ತಣ್ಣಗಾಗಿ ಮಂಕಾದರೆ ಹುಲ್ಲಿನ ಬೆಂಕಿಗೆ ಹಿಡಿದು, ಬೆರಳಲ್ಲಿ ತಟ್ಟಿ, ಕಿವಿಗೊಟ್ಟು, ಮತ್ತೆ ಕಾಯಿಸುತ್ತಿದ್ದರು. ಆ ಒಂದು ಗಳಿಗೆ ಮಾತ್ರ ತಮಟೆ ಅವರದ್ದಾಗಿರುತ್ತಿತ್ತು. ಮೆರವಣಿಗೆ ಹೊರಟ ಮೇಲೆ ಅದರ ಸದ್ದು ಊರ ಗೌಡರಿಗೆ, ದೇವರಿಗೆ, ಹೆಣಕ್ಕೆ. ಚೆನ್ನಾಗಿ ಬಡಿದರೋ ಇಲ್ಲವೋ ಅಂತ ಹೇಳುವವರು ಬೇರೆಯವರು. 1980ರ ದಶಕದಲ್ಲಿ ನಮ್ಮ ಕೇರಿಯವರು ಇನ್ನು ಬಡಿಯುವುದಿಲ್ಲ ಅಂದಾಗ ಅಪ್ಪನೂ ತಮಟೆ ಕೆಳಗಿಟ್ಟರು. ಆಮೇಲೆ ಸಂಜೆ ಹೊತ್ತು ಒಬ್ಬರೇ ಕೂತು, ಯಾರಿಗೂ ಕೇಳದಷ್ಟು ಮೆಲ್ಲಗೆ ಬೆರಳಲ್ಲಿ ನುಡಿಸುತ್ತಿದ್ದರು. ಅವ್ವ ಕೇಳಿದರೆ, "ಇದರ ದನಿ ಇಷ್ಟು ಚೆಂದ ಅಂತ ಗೊತ್ತೇ ಇರಲಿಲ್ಲ ಕಣೇ" ಅನ್ನುತ್ತಿದ್ದರು.

ಆದ್ದರಿಂದ ನಮ್ಮ ಹುಡುಗಿ ತನ್ನ ದನಿ ತನಗೆ ಕೇಳಬೇಕು ಅಂದಾಗ ನನಗೆ ಅದು ಅಹಂಕಾರದ ಹಾಗೆ ಕಾಣಿಸಲಿಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕೇಳಿಕೊಳ್ಳಲಿ, ಖರ್ಚಿಲ್ಲ ಅಂತ ಒಬ್ಬರು ಬರೆದಿದ್ದೀರಿ. ಒಳ್ಳೆಯ ಸಲಹೆ, ಮಾಡಲಿ. ಆದರೆ ಅಂಬಲಟ್ಠಿಕದಲ್ಲಿ ಬುದ್ಧರು ರಾಹುಲನಿಗೆ ಹೇಳಿದ್ದನ್ನು ನೆನೆಯಿರಿ. ಕನ್ನಡಿ ಇರುವುದು ಯಾತಕ್ಕೆ ಅಂತ ಕೇಳಿ, ಮೈ, ಮಾತು, ಮನಸ್ಸಿನಿಂದ ಮಾಡುವ ಕೆಲಸವನ್ನು ಮಾಡುವ ಮುಂಚೆ ನೋಡು, ಮಾಡುತ್ತಿರುವಾಗ ನೋಡು, ಮಾಡಿದ ಮೇಲೆ ನೋಡು ಅಂದರು. ರೆಕಾರ್ಡಿಂಗು ಮಾಡಿದ ಮೇಲಿನ ಕನ್ನಡಿ. ನಡುವಿನದಕ್ಕೆ, ಅಂದರೆ ಮಾಡುತ್ತಿರುವಾಗ ನೋಡುವುದಕ್ಕೆ, ಅದು ಒದಗುವುದಿಲ್ಲ. ಹಾಡುತ್ತಿರುವಾಗಲೇ ಕೈ ಬಿರುಸಾಯಿತು ಅಂತ ತಿಳಿದರೆ ಅಲ್ಲೇ ತಗ್ಗಿಸಿಕೊಳ್ಳಬಹುದು. ಅದೇ ಕಿವಿ, ದನಿ ಎಷ್ಟು ಚೆಂದ ಅಂತ ಸವಿಯುತ್ತ ಕೂರಲೂಬಹುದು. ಎರಡೂ ಆಗುವ ಸಾಧ್ಯತೆ ಇದೆ, ಹಿರಿಯರ ಎಚ್ಚರಿಕೆ ಅಲ್ಲಿ ಸರಿ. ಅದನ್ನು ಕಾಯುವ ಕೆಲಸ ಅವಳದು. ತೂತು ಮುಚ್ಚಿದ ಮಾತ್ರಕ್ಕೆ ಆ ಕೆಲಸ ತಪ್ಪುವುದಿಲ್ಲ.

ಹುಡುಗಿಗೂ ಒಂದು ಮಾತು ಹೇಳಬೇಕು. ತಂಗೀ, ಪೋರ್ಟ್ ಹಾಕಿಸಿದರೆ ಹಾಡು ತಾನಾಗಿ ಸುಧಾರಿಸುತ್ತದೆ ಅಂದುಕೊಳ್ಳಬೇಡ. ಸಂಯುತ್ತ ನಿಕಾಯದಲ್ಲಿ ಒಬ್ಬ ರಾಜನ ಕತೆ ಬರುತ್ತದೆ. ವೀಣೆಯ ದನಿಯನ್ನೇ ಕೇಳಿರದ ರಾಜ ಒಮ್ಮೆ ಕೇಳಿ ಬೆರಗಾಗಿ, ಅದನ್ನು ತನ್ನಿ ಅಂದ. ವೀಣೆ ತಂದರು. ವೀಣೆ ಬೇಡ, ಆ ದನಿ ತನ್ನಿ ಅಂದ. ದನಿ ಬೇರೆಯಾಗಿ ಇರುವುದಿಲ್ಲ ಮಹಾರಾಜ, ಪೆಟ್ಟಿಗೆ, ಚರ್ಮ, ದಂಡ, ತಂತಿ, ಮೀಟುವ ಕಡ್ಡಿ, ನುಡಿಸುವವನ ತಕ್ಕ ಪ್ರಯತ್ನ, ಎಲ್ಲ ಸೇರಿದಾಗ ಅದು ಹುಟ್ಟುತ್ತದೆ ಅಂದರು. ರಾಜ ಕೇಳಲಿಲ್ಲ. ವೀಣೆ ಒಡೆದ, ಸಿಗಿದ, ಸುಟ್ಟ, ಬೂದಿ ತೂರಿದ. ದನಿ ಸಿಗಲಿಲ್ಲ. ಹೀಗೇ ಪಂಚಸ್ಕಂಧಗಳನ್ನು ಹುಡುಕಿದವನಿಗೆ 'ನಾನು' ಅನ್ನುವುದು ಎಲ್ಲೂ ಸಿಗುವುದಿಲ್ಲ ಅಂತ ಬುದ್ಧರು ಮುಗಿಸುತ್ತಾರೆ. ನಿನ್ನ ಪಕ್ಕದ ತೂತೂ ಆ ಪಟ್ಟಿಗೆ ಸೇರುವ ಒಂದು ಕಾರಣ, ಅಷ್ಟೇ. ಅಂದಹಾಗೆ ಆ ಪಟ್ಟಿಯಲ್ಲಿ ಚರ್ಮವೂ ಇದೆ, ಗಮನಿಸಿದಿರಾ? ಆ ಕಾಲದ ವೀಣೆಗೆ ಚರ್ಮ ಹೊದಿಸುತ್ತಿದ್ದರು. ಮರದ ಜೊತೆಗೆ, ತಂತಿಯ ಜೊತೆಗೆ, ಸಮನಾಗಿ ಅದರ ಹೆಸರು ಬಂದಿದೆ. ಚರ್ಮ ಮುಟ್ಟಿದವರು ಅಂತ ದೂರ ಇಟ್ಟರಲ್ಲ ನಮ್ಮನ್ನು, ಅವರು ಈ ಸುತ್ತವನ್ನು ಓದಬೇಕು.

ಶನಿವಾರ ನಾನೂ ಅವಳೂ ಆ ವಾದ್ಯ ಮಾಡುವವರ ಹತ್ತಿರ ಹೋಗಿದ್ದೆವು. ಅವರಲ್ಲಿ ಪೋರ್ಟ್ ಇರುವ ಇನ್ನೊಂದು ಯುಕುಲೆಲೆ ಇತ್ತು. ಅದನ್ನು ಮೊದಲು ತೆರೆದೂ ಆಮೇಲೆ ದಪ್ಪ ಟೇಪ್ ಅಂಟಿಸಿಯೂ ನುಡಿಸಿದಳು. ನಾನು ಎದುರಿಗೆ ಎಂಟು ಅಡಿ ದೂರ ಕಣ್ಣು ಮುಚ್ಚಿ ನಿಂತೆ. ನನಗೆ ವ್ಯತ್ಯಾಸ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ತೆರೆದಿದ್ದಾಗ ಅವಳ ಬಲಗೈ ಹಗುರವಾಗಿತ್ತು, ಅದನ್ನು ಮಾತ್ರ ಕಣ್ಣು ಬಿಟ್ಟ ಮೇಲೆ ನಾನೂ ಕಂಡೆ. ಹಾಕಿಸಲಿ, ಮುಚ್ಚಳವೂ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಏಪ್ರಿಲ್ 14ರ ಡಿಜೆ ಮುಂದೆ ಯಾವ ತೂತೂ ಕೆಲಸಕ್ಕೆ ಬರುವುದಿಲ್ಲ, ಅದು ಬೇರೆ ಮಾತು.

ಆದರೆ ಅವರ ಅಂಗಡಿ ನಿಶ್ಶಬ್ದವಾಗಿತ್ತು. ನಮ್ಮ ಸಭಾಂಗಣ ಹಾಗಿಲ್ಲ. ಕಾಲಾಮರಿಗೆ ಬುದ್ಧರು ಹೇಳಿದ್ದು ನಮಗೂ ಅನ್ವಯಿಸುತ್ತದೆ: ಹಿರಿಯರು ಹೇಳಿದರು ಅಂತಲೂ ಬೇಡ, ನಾನು ಬರೆದೆ ಅಂತಲೂ ಬೇಡ. ಆ ವಾದ್ಯವನ್ನು ಎರಡು ದಿನಕ್ಕೆ ಕೇಳಿ ತಂದಿದ್ದೇವೆ. ಇವತ್ತು ಸಂಜೆ 7ಕ್ಕೆ ಎಲ್ಲರೂ ವಿಹಾರಕ್ಕೆ ಬನ್ನಿ. ಟೇಪ್ ಹಾಕಿ ಎರಡು ಹಾಡು, ತೆಗೆದು ಎರಡು ಹಾಡು. ಆಕ್ಷೇಪ ಎತ್ತಿದ ಹಿರಿಯರು ದಯವಿಟ್ಟು ಅವಳ ಪಕ್ಕದಲ್ಲೇ ಕೂರಬೇಕು. ಉಳಿದವರು ಭಾನುವಾರ ಹಾಡುವಷ್ಟೇ ಜೋರಾಗಿ ಹಾಡಬೇಕು, ಅವಳಿಗೆ ಅನುಕೂಲ ಆಗಲಿ ಅಂತ ದನಿ ತಗ್ಗಿಸಬಾರದು. ಮೂರು ಫ್ಯಾನೂ ಓಡುತ್ತಿರಲಿ.

ಜೈ ಭೀಮ್. ನಮೋ ಬುದ್ಧಾಯ.